ನಾಲ್ಕೆಣಿಕೆಗೊಂದು ತೊಟ್ಟು

"ಆ ತೊಟ್ಟು ನಿಲ್ಲಿಸೋಕೆ ಹೋಗ್ಬೇಡ ತಮ್ಮಾ. ನಿಲ್ಲಿಸಿದವನ ಮನೇಲಿ ತೊಟ್ಟಿಕ್ಕೋಕೆ ಶುರುವಾಗುತ್ತೆ."

ಮುದುಕ ಮೇಸ್ತ್ರಿ ಹೀಗೆಂದಾಗ ಕಿವಿ ಮೇಸ್ತ್ರಿ ನಕ್ಕುಬಿಟ್ಟ. ಇಂಜಿನ್ನಿಗೆ ಕಿವಿಗೊಟ್ಟೇ ರೋಗ ಹೇಳುತ್ತಾನೆಂದು ಅವನಿಗೆ ಆ ಹೆಸರು. ಹಳೆಯ ಕಾರು ಕೆಟ್ಟರೆ ಎಲ್ಲೆಲ್ಲಿಂದಲೋ ಕರೆ ಬರುತ್ತಿತ್ತು. ಈ ಶೆಡ್ಡಿಗೆ ಬಂದದ್ದು ಅದೇ ಬೆಳಿಗ್ಗೆ, ಒಂದೇ ದಿನದ ಕೆಲಸಕ್ಕೆ. ನಾಳೆ ಮಗಳಿಗೆ ಏಳು ತುಂಬುತ್ತದೆ. ಸಂಜೆಯ ರೈಲು ಹಿಡಿದು ಬಂದೇ ಬರುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದ.

ತಾತನ ಕಾಲದ ಕಪ್ಪು ಕಾರು ನಿಂತಲ್ಲೇ ಗುರುಗುಟ್ಟುತ್ತಿತ್ತು. ಕಾರ್ಬೋರೇಟರಿನ ಕೆಳಗೆ ಒಂದು ತಗಡಿನ ಬಟ್ಟಲು ಇಟ್ಟಿದ್ದರು. ಒಂದು, ಎರಡು, ಮೂರು, ನಾಲ್ಕು, ಟಪ್. ಮತ್ತೆ ನಾಲ್ಕು, ಮತ್ತೆ ಟಪ್. ಆಕ್ಸಿಲರೇಟರ್ ಎಳೆದರೆ ತೊಟ್ಟು ನಿಲ್ಲುತ್ತಿತ್ತು, ಬಿಟ್ಟರೆ ಶುರುವಾಗುತ್ತಿತ್ತು.

ಇದರಲ್ಲಿ ಏನು ಮಹಾ ಗುಟ್ಟಿದೆ? ಕಾರ್ಬೋರೇಟರಿನೊಳಗೆ ಹಿತ್ತಾಳೆಯ ಟೊಳ್ಳು ಉಂಡೆಯೊಂದು ಪೆಟ್ರೋಲಿನ ಮೇಲೆ ತೇಲುತ್ತಿರುತ್ತದೆ. ಅದೇ ಫ್ಲೋಟು. ಅದು ಮೇಲೆದ್ದರೆ ಪೆಟ್ರೋಲಿನ ದಾರಿ ಮುಚ್ಚುತ್ತದೆ. ಅದಕ್ಕೆ ತೂತು ಬಿದ್ದರೆ ಮುಳುಗುತ್ತದೆ, ದಾರಿ ತೆರೆದೇ ಇರುತ್ತದೆ. ಓಡುವ ಇಂಜಿನ್ ಎಲ್ಲವನ್ನೂ ಕುಡಿದುಬಿಡುತ್ತದೆ. ನಿಂತಲ್ಲೇ ಉರಿಯುವಾಗ ಹೆಚ್ಚಾದದ್ದು ಹೊರಚೆಲ್ಲುತ್ತದೆ. ಅಷ್ಟೂ ಗೊತ್ತಿಲ್ಲದೆ ಈ ಮುದುಕ ಇಷ್ಟು ವರ್ಷ ಸ್ಪ್ಯಾನರ್ ಹಿಡಿದನೇ? ಇಲ್ಲ, ಇವನು ಏನನ್ನೋ ಮುಚ್ಚಿಡುತ್ತಿದ್ದಾನೆ.

"ಕಾರಿನ ಯಜಮಾನ್ರಿಗೆ ದಾಯಾದಿ ಮಾಟ ಮಾಡಿಸ್ದ," ಮುದುಕ ತಗ್ಗಿದ ದನಿಯಲ್ಲಿ ಹೇಳಿದ. "ಏನನ್ನೋ ಮಂತ್ರಿಸಿ ಆ ಫ್ಲೋಟಿನೊಳಗಿಟ್ಟು ಬೆಸುಗೆ ಹಾಕ್ಸಿದ್ದಾನೆ. ತೂತಿದ್ರೆ ಪೆಟ್ರೋಲ್ ಕುಡ್ಕೊಂಡು ಸುಮ್ನಿರುತ್ತೆ. ಮುಚ್ಚಿದ್ರೆ ಬೇರೇದು ಕೇಳುತ್ತೆ."

"ಕಿವಿ ಮೇಲೆ ಹೂ ಇಡ್ಬೇಡಿ ಅಜ್ಜಾ. ನನ್ನಂಥೋರು ಬಂದ್ರೆ ನಿಮ್ ಕೆಲ್ಸ ಹೋಗುತ್ತೆ ಅಂತ ತಾನೆ?"

ಮುದುಕನ ಅಂಗಿಯ ಕಾಲರಿನಲ್ಲಿ ಒಂದು ದಪ್ಪ ಸೂಜಿ ಚುಚ್ಚಿತ್ತು. ಮೇಜಿನ ಮೇಲೆ ಬೆಸುಗೆ ಕಡ್ಡಿ ಆಗಲೇ ಕಾದಿತ್ತು. ಸದ್ಯ, ಕಾಯುವ ಹೊತ್ತು ಉಳಿಯಿತೆಂದುಕೊಂಡ ಕಿವಿ ಮೇಸ್ತ್ರಿ.

ಇಂಜಿನ್ ಆರಿಸಿ, ಫ್ಲೋಟು ಬಿಚ್ಚಿ ಕಿವಿಯ ಬಳಿ ಅಲ್ಲಾಡಿಸಿದ. ಒಳಗೆ ಪೆಟ್ರೋಲು ಕುಲುಕಿತು. ಅದರ ಜೊತೆಗೆ ಇನ್ನೇನೋ ಗೋಡೆಗೆ ತಾಗಿತು, ಹಾಲುಹಲ್ಲಿನಷ್ಟು ಸಣ್ಣದು. ಬಿಸಿನೀರಿನಲ್ಲಿ ಅದ್ದಿದ. ಗುಳ್ಳೆ ಎದ್ದ ಕಡೆ ತೂತು ಕಂಡಿತು: ದುಂಡಗೆ, ಅಂಚು ಒಳಮುಖವಾಗಿತ್ತು. ತುಕ್ಕಿನಿಂದ ಬಿದ್ದದ್ದಲ್ಲ, ಯಾರೋ ಚುಚ್ಚಿದ್ದು. ಗುಳ್ಳೆ ಒಡೆದಾಗ ಸುಟ್ಟ ಕೂದಲಿನ ನಾತ ಮೂಗಿಗೆ ಬಡಿಯಿತು. ಆದರೂ ಒಳಗಿನ ಪೆಟ್ರೋಲು ಪೂರ್ತಿ ಬಸಿದು ಒಂದು ಹನಿ ಬೆಸುಗೆ ಇಟ್ಟ. ಜೋಡಿಸಿ ಇಂಜಿನ್ ಶುರುಮಾಡಿದ.

ನಾಲ್ಕೆಣಿಸಿದ. ಎಂಟೆಣಿಸಿದ. ಬಟ್ಟಲು ಸದ್ದು ಮಾಡಲಿಲ್ಲ.

ಫೋನು ಹೊಡೆದುಕೊಂಡಿತು. ಹೆಂಡತಿ.

"ರೀ, ಪುಟ್ಟಿ ಮೂಗಲ್ಲಿ ರಕ್ತ. ತಲೆಗೆ ತಣ್ಣೀರು ಹಾಕ್ದೆ, ಒತ್ತಿ ಹಿಡಿದೆ, ನಿಲ್ತಾನೇ ಇಲ್ಲ."

"ಗಾಬರಿಯಾಗ್ಬೇಡ. ಆಸ್ಪತ್ರೆಗೆ..." ಎನ್ನುತ್ತಿದ್ದವನು ಫೋನನ್ನು ಕಿವಿಗೆ ಒತ್ತಿಕೊಂಡ. ಫೋನಿನಲ್ಲಿ ಸ್ಟೀಲ್ ಬೋಗುಣಿಗೆ ಏನೋ ಬೀಳುತ್ತಿತ್ತು. ಟಪ್. ಒಂದು, ಎರಡು, ಮೂರು, ನಾಲ್ಕು. ಟಪ್.

ಬೇರೆಯವರಾಗಿದ್ದರೆ ಕಾಕತಾಳೀಯ ಎನ್ನುತ್ತಿದ್ದರೇನೋ. ಅವನ ಕಿವಿ ಅವನಿಗೇ ಮೋಸ ಮಾಡುವಂಥದ್ದಲ್ಲ. ಆಕ್ಸಿಲರೇಟರ್ ಎಳೆದ. ಇಂಜಿನ್ ಅಬ್ಬರಿಸಿತು.

"ನಿಂತ್ಹೋಯ್ತು ಕಣ್ರೀ," ಎಂದಳು ಹೆಂಡತಿ.

ಕೈ ಬಿಟ್ಟ. ಟಪ್.

"ಅಯ್ಯೋ, ಮತ್ತೆ ಬಂತು."

ಫ್ಲೋಟು ತೆಗೆಯಬೇಕು. ಫೋನನ್ನು ನೆಲಕ್ಕೆ ಹಾಕಿ ಇಂಜಿನ್ ಆರಿಸಿದ. ಫೋನಿನಲ್ಲಿ ತೊಟ್ಟು ಧಾರೆಯಾಯಿತು. ಹೆಂಡತಿ ಕಿರುಚಿದಳು. ಒಂದು ಸ್ಕ್ರೂ. ಎರಡು. ಬಿಸಿ ಲೋಹಕ್ಕೆ ಬೆರಳು ಸುಟ್ಟಿತು. ಮೂರನೆಯದು ಜಾರಿತು. ಮಗಳು ಅಳುತ್ತಿದ್ದಳು. ಅಳು ಸಣ್ಣದಾಯಿತು. ಅಳು ನಿಂತಿತು. ಫ್ಲೋಟು ಕೈಗೆ ಬಂತು. ಪೂರ್ತಿ ಬಸಿದಿದ್ದ ಫ್ಲೋಟು ಭಾರವಾಗಿತ್ತು. ಚುಚ್ಚಲು ಏನಿದೆ? ಏನಿದೆ? ಕಣ್ಣೆದುರು ಮುದುಕನ ಕೈ ಬಂತು. ಕೈಯಲ್ಲಿ ಸೂಜಿ. ಕಸಿದುಕೊಂಡು ಚುಚ್ಚಿದ. ಕಪ್ಪಗೆ, ಬೆಚ್ಚಗೆ ಏನೋ ಅಂಗೈಗೆ ಇಳಿಯಿತು. ಪೆಟ್ರೋಲಲ್ಲ. ಜೋಡಿಸಿದ. ಬಿಗಿದ. ಕೀಲಿ ತಿರುಗಿಸಿದ.

ಬಟ್ಟಲಿನಲ್ಲಿ ಟಪ್ ಎಂದಿತು.

"ರೀ," ಹೆಂಡತಿಯ ದನಿ ಒಡೆದುಹೋಗಿತ್ತು. "ನಿಂತಿದೆ. ಕಣ್ಬಿಟ್ಟಿದ್ದಾಳೆ. ನೀರು ಕೇಳ್ತಿದ್ದಾಳೆ."

ಕಿವಿ ಮೇಸ್ತ್ರಿ ನೆಲಕ್ಕೆ ಕುಸಿದು ಬಿಕ್ಕಿಬಿಕ್ಕಿ ಅತ್ತ. ಅವನು ತಲೆ ಎತ್ತಿದಾಗ ಮುದುಕ ನಲ್ಲಿಯ ಬಳಿ ಸೋಪು ಹಚ್ಚಿ ಮೊಣಕೈವರೆಗೂ ತೊಳೆಯುತ್ತಿದ್ದ. ಬಾಗಿಲ ಪಕ್ಕದಲ್ಲಿ ಅವನದೊಂದು ಚೀಲ ತುಂಬಿ ನಿಂತಿತ್ತು.

"ಹಳೇ ತೂತು ನಾನು ಹಾಕಿದ್ದು," ಎಂದ ಮುದುಕ. "ನನ್ನ ಮಗಳ ರಕ್ತ ನಿಲ್ಲಿಸೋಕೆ. ದಿನಾ ಬಟ್ಟಲು ತುಂಬೋವರೆಗೂ ತೊಟ್ಟಿಕ್ಬೇಕು, ತೂತು ಹಾಕಿದವನೇ ಪಕ್ಕದಲ್ಲಿ ಕೂತಿರ್ಬೇಕು. ಒಂದಿನ ತಪ್ಪಿದ್ರೂ ಆಗಲ್ಲ. ಅವಳ ಮುಖ ನೋಡಿ ಹದಿನಾಲ್ಕು ವರ್ಷ ಆಯ್ತು. ಈಗ ತೂತು ನಿಂದು."

"ಮೊದ್ಲೇ ಹೇಳ್ಬೇಕಿತ್ತು."

"ಮುಚ್ಬೇಡ ಅಂತ ಹೇಳಿದ್ನಲ್ಲ ತಮ್ಮಾ," ಎಂದು ಮುದುಕ ಚೀಲ ಎತ್ತಿಕೊಂಡ. ಹೊರಗಿನ ಬಿಸಿಲಿನಲ್ಲಿ ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ.

ಕಿವಿ ಮೇಸ್ತ್ರಿಯ ಕಣ್ಣು ಮೇಜಿನ ಮೇಲಿನ ಬೆಸುಗೆ ಕಡ್ಡಿಯ ಮೇಲೆ ನಿಂತಿತು. ಬೆಳಿಗ್ಗೆ ತಾನು ಒಳಗೆ ಕಾಲಿಡುವ ಮೊದಲೇ ಮುದುಕ ಅದನ್ನು ಕಾಯಿಸಿಟ್ಟಿದ್ದ.

ಫೋನು ಇನ್ನೂ ನೆಲದ ಮೇಲೆ ಬಿದ್ದಿತ್ತು.

"ಅಪ್ಪಾ," ಎಂದಳು ಮಗಳು, ನಿದ್ದೆ ತುಂಬಿದ ದನಿಯಲ್ಲಿ. "ನಾಳೆ ಬರ್ತೀಯಲ್ವಾ?"

ಅವನು ಬಟ್ಟಲನ್ನೇ ನೋಡುತ್ತ ಕುಳಿತಿದ್ದ. ಇನ್ನೂ ತಳ ಮುಚ್ಚುವಷ್ಟೂ ತುಂಬಿರಲಿಲ್ಲ.