ಕೂದಲಲ್ಲಿ ಹೊಲಿದ ನಾಲ್ಕು ಪುಸ್ತಕ

"ಆ ಲೇಖಕರ ಹೆಸರಲ್ಲಿ ಮಾತ್ರ ಮತ್ತೆ ಅಚ್ಚು ಹಾಕ್ಬೇಡಿ ಸಾರ್. ಇವು ಅವರು ಬರೆದದ್ದಲ್ಲ, ಅವರ ಹೆಂಡತಿ ಬರೆದದ್ದು. ಆಯಮ್ಮ ಮಾಟ ಮಾಡಿಸಿ ತಂದುಕೊಟ್ಟ ತನ್ನ ಕೂದಲಲ್ಲೇ ಇವನ್ನ ಹೊಲಿದಿದ್ದೀನಿ, ನನ್ನ ಕೈಯಾರೆ."

ಬೈಂಡರ್ ಮುದುಕನ ಮಾತಿಗೆ ಹೊಸ ಸಂಪಾದಕ ಹೊಟ್ಟೆ ಹಿಡಿದುಕೊಂಡು ನಕ್ಕ. "ತಾತ, ನಿಮಗೂ ಕತೆ ಕಟ್ಟೋ ಗೀಳು ಹತ್ಕೊಂಡಿದೆ."

ಅವನು ಆ ಪ್ರಕಾಶನಕ್ಕೆ ಬಂದು ಮೂರು ವಾರವಾಗಿತ್ತಷ್ಟೆ. ತೀರಿಹೋದ ಆ ಲೇಖಕ ಸೃಷ್ಟಿಸಿದ ಪತ್ತೇದಾರನನ್ನು ಅರಿಯದ ಓದುಗರೇ ಇರಲಿಲ್ಲ. ಆದರೆ ಪತ್ತೇದಾರನ ಸುಳಿವೇ ಇಲ್ಲದ ಈ ನಾಲ್ಕು ಬಿಡಿ ಕಾದಂಬರಿಗಳನ್ನು, ಅಂಗೈಯಗಲದ ಅಗ್ಗದ ಪ್ರತಿಗಳನ್ನು, ಜನ ಮರೆತೇಬಿಟ್ಟಿದ್ದರು. ನೆಲಮಾಳಿಗೆಯ ಗೋದಾಮಿನಲ್ಲಿ ಸಿಕ್ಕ ಅವನ್ನು ಸಂಪಾದಕ ಒಂದೇ ಉಸಿರಿಗೆ ಓದಿದ. ಒಂದೊಂದರಲ್ಲೂ ಒಬ್ಬ ಹೆಂಗಸು, ಅವಳ ಬಾಯಿ ಮುಚ್ಚಿಸಿದ ಗಂಡ, ಆ ಗಂಡನ ನಿಧಾನವಾದ ಸಾವು. ಮೂರನೆಯದರ ಹಾಳೆಗಳ ನಡುವೆ ಕಾಗದವೊಂದಿತ್ತು. ಹೆಂಡತಿ ದುಂಡನೆಯ ಅಕ್ಷರಗಳಲ್ಲಿ ಲೇಖಕನಿಗೆ ಬರೆದದ್ದು: 'ನಾಲ್ಕೂ ನನ್ನವು. ನನ್ನ ಹೆಸರು ಹಾಕಿಸಿ.'

ಸಂಪಾದಕ ಅದನ್ನು ಚೂರುಚೂರು ಮಾಡಿ ಬುಟ್ಟಿಗೆಸೆದ. ಹೆಸರಿಲ್ಲದವಳ ಪುಸ್ತಕ ಯಾರಿಗೆ ಬೇಕು? ಮಧ್ಯಾಹ್ನ ಆ ನೆಲಮಾಳಿಗೆಯಲ್ಲೇ ಕೂತು ನಾಲ್ಕೂ ಮುಖಪುಟಗಳ ಕರಡಿನ ಮೇಲೆ ಲೇಖಕನ ಹೆಸರು ಬರೆದ.

ಕರೆಂಟು ಹೋಯಿತು. ಹಳೆಯ ಅಂಟಿನ ಹುಳಿ ವಾಸನೆಯನ್ನು ಸೀಳಿಕೊಂಡು ಸುಟ್ಟ ಕೂದಲಿನ ಕಮಟು ಎದ್ದಿತು. ಸರ್ರ್... ಸರ್ರ್... ಕತ್ತಲಲ್ಲಿ ಹಾಳೆಯೊಳಗಿಂದ ದಾರ ಎಳೆಯುವ ಸದ್ದು.

"ತಾತ, ಹೊಲೀತಿದ್ದೀರಾ?"

"ನಾನು ಬಾಗಿಲ ಹತ್ರ ಇದ್ದೀನಿ ಸಾರ್." ಮುದುಕ ಅಲ್ಲಿಂದಲೇ ಕೂಗಿದ.

ಸದ್ದು ಹತ್ತಿರ ಬಂತು. ಮೇಜಿನಂಚು. ಅಂಗಿಯ ತೋಳು. ಕತ್ತು. ಕೆಳತುಟಿಗೆ ಚುಚ್ಚಿತು. ತಣ್ಣಗೆ. ಮೇಲ್ತುಟಿಗೂ. ಬಿಗಿದು ಎಳೆಯಿತು. ಮತ್ತೆ ಚುಚ್ಚಿತು. ಬಾಯಿ ತುಂಬ ರಕ್ತ. ನಾಲಿಗೆಯ ಮೇಲೆ ಕೂದಲು. ಕಿರುಚಲು ನೋಡಿದ. ಹೊಲಿದ ತುಟಿ ತೆರೆಯಲಿಲ್ಲ.

"ಆ ಹೆಸರು ಹೊಡೆದುಹಾಕಿ ಸಾರ್! ಆಯಮ್ಮನ ಹೆಸರು ಬರೀರಿ!" ಮುದುಕ ಅವಳ ಹೆಸರನ್ನು ಕೂಗಿ ಹೇಳಿದ.

ಸಂಪಾದಕ ತಡಕಾಡಿ ಪೆನ್ನು ಹಿಡಿದ. ಗೀಚಿದ. ಬರೆದ. ಒಂದು. ಎರಡು. ಮೂರು. ನಾಲ್ಕು.

ಹೊಲಿಗೆ ಸಡಿಲಿತು. ದೀಪ ಹತ್ತಿಕೊಂಡಿತು. ಮುದುಕ ಓಡಿಬಂದು ಭುಜ ಹಿಡಿದ. "ಬದುಕಿಕೊಂಡ್ರಿ. ಸಾಕು, ಪೆನ್ನು ಕೆಳಗಿಡಿ."

"ಇಡೋಕಾಗ್ತಿಲ್ಲ ತಾತ..."

ಕೈ ನಿಂತಿರಲಿಲ್ಲ. ಕರಡನ್ನು ಮಗುಚಿ, ಅದರ ಖಾಲಿ ಬೆನ್ನಿನ ಮೇಲೆ, ಅವನದಲ್ಲದ ದುಂಡನೆಯ ಅಕ್ಷರಗಳಲ್ಲಿ ಬರೆಯುತ್ತಿತ್ತು: 'ಅಧ್ಯಾಯ ಒಂದು.'

ನಾಲ್ಕೂ ಕಾದಂಬರಿಗಳು ಅವಳ ಹೆಸರಿನಲ್ಲೇ ಬಂದವು. ಜನ ಮುಗಿಬಿದ್ದು ಕೊಂಡರು. ಐದನೆಯದೂ ಬಂತು, ಆರನೆಯದೂ. ಸಂಪಾದಕನ ಬೆರಳುಗಳ ಚರ್ಮ ಕಿತ್ತುಹೋಗಿದೆ. ಊಟದ ಹೊತ್ತಿಗೂ ಕೈ ಬಿಡುವು ಕೊಡದು. ಅವನ ಹೆಂಡತಿಯೇ ತುತ್ತು ಮಾಡಿ ತಿನ್ನಿಸುತ್ತಾಳೆ.

"ರೀ, ಇಷ್ಟೆಲ್ಲ ಬರೆಯೋರು ನೀವು," ಎನ್ನುತ್ತಾಳೆ ಅವಳು, "ನಿಮ್ಮ ಹೆಸರು ಯಾಕೆ ಎಲ್ಲೂ ಇಲ್ಲ?"

ಅವನ ಕೈ ಹಾಳೆ ತಿರುವುತ್ತದೆ.