ಟೋಪಿಯ ತೂತು

ಆ ಟೋಪಿ ಇನ್ನೂ ನನ್ನ ಹತ್ತಿರವಿದೆ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ನಮ್ಮ ಮಲಾರ್ಗ್ವೆ ಊರಿನ ಬಯಲಿನಲ್ಲಿ, ಆಕಾಶದಿಂದ ಬೀಳುವ ಕಣಗಳನ್ನು ಹಿಡಿಯಲು ಇಟ್ಟ ನೀರಿನ ಟ್ಯಾಂಕುಗಳ ರಿಪೇರಿ ನನ್ನ ಕೆಲಸ. ಖಾಲಿ ಆಕಾಶದಲ್ಲಿ ಅಣುವಿಗಿಂತ ಚಿಕ್ಕ ಕಪ್ಪುಕುಳಿಗಳು ಅಲೆಯುತ್ತಿರಬಹುದು, ಭೂಮಿಯನ್ನೇ ತೂರಿಹೋಗಬಹುದು ಎಂದು ನಮ್ಮ ವಿಜ್ಞಾನಿಗಳು ವಾದಿಸುವಾಗ ನಾನು ನಗುತ್ತಿದ್ದೆ.

ಅಂದು ಮಧ್ಯಾಹ್ನ ಟ್ಯಾಂಕಿನ ಮೇಲೆ ಕೂತು ಕೆಲಸ ಮಾಡುತ್ತಿದ್ದೆ. ಆಡು ಮೇಯಿಸುವಾಕೆ ದೋನ್ಯಾ ಎರ್ಮಿನಿಯಾ ಕೆಳಗಿನಿಂದ ಕೂಗಿದರು.

"ಬಾರೋ, ಮಾಟೆ ಕಷಾಯ ಕುಡಿ. ಟ್ಯಾಂಕೇನು ಓಡಿಹೋಗಲ್ಲ!"

ಕೂತ ಜಾಗದಲ್ಲೇ ಟೋಪಿ ಬಿಟ್ಟು ಇಳಿದೆ. ನಮ್ಮಲ್ಲಿ ಮಾಟೆ ಕುಡಿದ ಸೋರೆಬುರುಡೆ ಹಿಂದಿರುಗಿಸುವಾಗ ಥ್ಯಾಂಕ್ಸ್ ಅಂದರೆ ಸಾಕೆಂದು ಅರ್ಥ. ಅನ್ನದಿದ್ದರೆ ಸುರಿಯುತ್ತಲೇ ಇರುತ್ತಾರೆ.

ಒಂದು ಕುಡಿದು ಥ್ಯಾಂಕ್ಸ್ ಅನ್ನಬೇಕು, ಅಷ್ಟರಲ್ಲಿ ಆಡುಗಳೆಲ್ಲ ಸುಮ್ಮನಾಗಿ ಟ್ಯಾಂಕಿನ ಕಡೆ ತಿರುಗಿದವು. ಗಾಳಿಯಿಲ್ಲ, ಆದರೂ ಕೆಟಲಿನ ಹಬೆ ದಾರದಂತೆ ಅಡ್ಡಡ್ಡ ಅತ್ತಲೇ ಎಳೆದುಕೊಂಡಿತು. ಥ್ಯಾಂಕ್ಸ್ ಅನ್ನದೆಯೇ ಬುರುಡೆ ಹಿಂದಿರುಗಿಸಿದೆ.

"ಬಾಯಿಗೇನಾಯ್ತೋ? ಇನ್ನೊಂದು ಬೇಕಾ?" ಎನ್ನುತ್ತ ಮತ್ತೆ ಸುರಿದು ಕೊಟ್ಟರು. ಕುದಿನೀರು ಬಿದ್ದ ಬುರುಡೆ ಕೈಯಲ್ಲಿ ಮಂಜಿನಂತೆ ಕೊರೆಯಿತು.

ಆಡುಗಳು ಮತ್ತೆ ಮೇಯತೊಡಗಿದ ಮೇಲೆ ಹತ್ತಿ ನೋಡಿದೆ. ಟೋಪಿಯಲ್ಲೂ ಅದರಡಿಯ ಮುಚ್ಚಳದಲ್ಲೂ ಸೂಜಿ ತೂರಿದಂಥ ತೂತು.

"ಇನ್ನೊಂದು ಕೊಟ್ಟು ನನ್ನ ಜೀವ ಉಳಿಸಿದ್ರಿ ಅಮ್ಮಾ," ಅಂದೆ.

"ಹೋಗೋ, ಹೊಟ್ಟೆ ಕೆಟ್ರೆ ನನ್ನ ಬೈಬೇಡ!"

ಅವರ ಋಣ ದೊಡ್ಡದು. ಆದರೂ ಅಂದಿನಿಂದ ಅವರಿಗೆ ಥ್ಯಾಂಕ್ಸ್ ಹೇಳಿಲ್ಲ, ಕೊಟ್ಟಷ್ಟೂ ಕುಡಿಯುತ್ತೇನೆ.

ಟೋಪಿ ಈಗ ನನ್ನ ಅಡುಗೆಮನೆಯ ಗೋಡೆಯಲ್ಲಿ ತೂಗುತ್ತಿದೆ. ಕಿಟಕಿ ಮುಚ್ಚಿದ್ದರೂ ಕೆಟಲಿನ ಹಬೆ ಅದರ ಕಡೆಗೇ ಹೋಗುತ್ತದೆ.