ಕಾಡುಗೊರಳು ಕೆಟ್ಟ ದಿನ

ಬೆಳಿಗ್ಗೆ ಆರಕ್ಕೆ ಸರಿಯಾಗಿ, ಹಕ್ಕಿಗಳನ್ನು ಕರೆಯಲು ಹೂಡಿದ್ದ ಕಾಡುಗೊರಳು ಎಂಬ ಯಂತ್ರ ಬಾಯಿ ಬಿಟ್ಟಿತು. ಬೋಳು ಗುಡ್ಡದ ಕಂಬಗಳ ಸ್ಪೀಕರುಗಳಿಂದ ಇಲ್ಲದ ಕಾಡೊಂದು ಕೂಗತೊಡಗಿತು; ಎಲ್ಲಕ್ಕಿಂತ ಜೋರಾಗಿ ಮಂಗಟ್ಟೆ ಹಕ್ಕಿಯ ಗೊಗ್ಗರು ದನಿ. ಕಾವಲುಗಾರ ಬೊಮ್ಮು ಗೌಡನೂ ಹಾಗೆಯೇ ಒಮ್ಮೆ ಕೂಗಿ, ಆಮೇಲೆ ವಿಜ್ಞಾನಿ ಸುಹಾಸಿನಿ ಪಾಟೀಲರ ದನಿಯಲ್ಲಿ, "ಬೊಮ್ಮಣ್ಣ, ಯಂತ್ರದ ಹತ್ರ ಬಾಯಿ ಮುಚ್ಕೊಂಡಿರ್ರಿ" ಎಂದ.

ಪಾಟೀಲರು ಬೆನ್ನ ಹಿಂದೆಯೇ ನಿಂತಿದ್ದರು. "ಛಲೋ ಬರ್ತದ. ಬೋರ್ಡ್ ಓದಾಕ ಮಾತ್ರ ಬರಂಗಿಲ್ಲ."

'ಮನುಷ್ಯರ ದನಿ ನಿಷಿದ್ಧ' ಎಂದಿತ್ತು ಬೋರ್ಡು. ಆದರೂ ದಿನಾ ಮಧ್ಯಾಹ್ನ ಸಸಿ ನೆಡುವವರನ್ನು ಬೊಮ್ಮು ಗಂಜಿಗೆ ಕೂಗಿ ಕರೆಯುತ್ತಿದ್ದ. ಪಾಟೀಲರು ದಿನಾ ಬೈಯುತ್ತಿದ್ದರು.

"ಹಕ್ಕಿ ಬಂದ್ರೆ ನಮ್ ಹಳ್ಳಕ್ಕೆ ನೀರು ಬರ್ತದ್ಯಾ ಅಕ್ಕೋರೆ?"

ಮೂವತ್ತು ವರ್ಷದ ಹಿಂದೆ ಮರ ಕಡಿದ ಮೇಲೆ ಮಳೆನೀರು ನೆಲಕ್ಕೆ ಇಂಗದೆ, ಮಣ್ಣನ್ನೂ ಹೊತ್ತು ಸಮುದ್ರ ಸೇರುತ್ತಿತ್ತು. ಶಿವರಾತ್ರಿಗೆ ಬೊಮ್ಮುವಿನ ಕೇರಿಯ ಹಳ್ಳ ಬರಿದು. ದೊಡ್ಡ ಮರಗಳ ದಪ್ಪ ಬೀಜ ಗಾಳಿಯಲ್ಲಿ ಹಾರುವುದಿಲ್ಲ. ಮಂಗಟ್ಟೆ ನುಂಗಿ ತಂದು ಉದುರಿಸಬೇಕು.

"ನಾವು ನೆಟ್ರ ಒಂದು ಗುಡ್ಡ. ಅವು ನೆಟ್ರ ಘಟ್ಟ ಪೂರಾ," ಎಂದರು ಪಾಟೀಲರು. "ಆದ್ರ ಇವತ್ತು ಬರಬೇಕು."

ಮೂರು ವರ್ಷದಲ್ಲಿ ಒಂದೂ ಬಂದಿರಲಿಲ್ಲ. ಇಂದು ಅರಣ್ಯ ಇಲಾಖೆಯ ತಪಾಸಣೆ; ಹಕ್ಕಿ ಕಾಣದಿದ್ದರೆ ಗುಡ್ಡ ಅಕೇಶಿಯ ನೆಡುತೋಪಿನ ಪಾಲು.

ಹತ್ತು ಗಂಟೆಗೆ ಅಧಿಕಾರಿಗಳ ಜೀಪು ಬಂತು. ಅದೇ ಹೊತ್ತಿಗೆ ಕಾಡುಗೊರಳು ಬಾಯಿ ಮುಕ್ಕಳಿಸಿದಂತೆ ಗೊರಗೊರ ಎಂದು ನಿಂತೇ ಹೋಯಿತು. ಒಳಗೆ ಇರುವೆಗಳು ಸಂಸಾರ ಹೂಡಿದ್ದವು. ಬೊಮ್ಮು ಮೆಲ್ಲಗೆ ಪೊದೆಯ ಹಿಂದೆ ಸರಿದು ಮಂಗಟ್ಟೆಯಾದ. ನಾಲ್ಕನೆಯ ಕೂಗಿಗೆ ಕೆಮ್ಮು ಬಂತು.

"ನಿಮ್ಮ ಹಕ್ಕಿಗೆ ನೆಗಡಿ ಆಗಿದೆಯಲ್ಲ ಮೇಡಂ," ಎಂದು ಹಿರಿಯ ಅಧಿಕಾರಿ ಫೈಲು ಮುಚ್ಚಿದರು. ಬೊಮ್ಮು ಪೊದೆಯಿಂದ ಹೊರಬಂದು ತಲೆ ತಗ್ಗಿಸಿ ನಿಂತ. ಪಾಟೀಲರು ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಆಗ ಕಣಿವೆಯಾಚೆಯಿಂದ ಮಂಗಟ್ಟೆಯ ಕೂಗು ಕೇಳಿಸಿತು. ಅದರ ಬೆನ್ನಿಗೇ, ಥೇಟ್ ಬೊಮ್ಮುವಿನ ದನಿಯಲ್ಲಿ: "ಕೂ... ಗಂಜಿ ಆತು, ಬರ್ರೋ."

ಎಲ್ಲರೂ ಬೊಮ್ಮುವಿನ ಬಾಯಿ ನೋಡಿದರು. ಅದು ಮುಚ್ಚಿತ್ತು.

ಗುಡ್ಡದಲ್ಲಿ ಉಳಿದಿದ್ದ ಒಂದೇ ಗೋಳಿಮರಕ್ಕೆ ಉದ್ದ ಬಾಲದ ಎರಡು ಭೀಮರಾಜ ಹಕ್ಕಿಗಳು ಬಂದು ಕುಳಿತು ಮತ್ತೆ ಗಂಜಿಗೆ ಕರೆದವು. ಕೇಳಿದ್ದನ್ನೆಲ್ಲ ಅಣಕಿಸುವ ಜಾತಿ ಅದು. ಯಂತ್ರದ ದನಿ ಮೈಲಿ ದಾಟುತ್ತಿರಲಿಲ್ಲ. ಇವು ಅದನ್ನು ಕಲಿತು, ಬೊಮ್ಮುವಿನ ಕೂಗಿನ ಬಾಲ ಸೇರಿಸಿ, ಏಳು ಮೈಲಿಯಾಚೆಯ ಕಾಡಿಗೆ ಒಯ್ದು ಹಾಡಿದ್ದವು.

ಆ ಕರೆಯ ಹಿಂದೆಯೇ ಹಳೆಯ ಉಗಿಬಂಡಿಯಂತೆ ರೆಕ್ಕೆ ಸದ್ದು. ಒಂದು, ಎರಡು, ಐದು ಮಂಗಟ್ಟೆಗಳು ಗೋಳಿಮರಕ್ಕೆ ಇಳಿದವು. ಅಧಿಕಾರಿ ತಮಗೆ ಗೊತ್ತಿಲ್ಲದೆಯೇ ಟೋಪಿ ತೆಗೆದರು. ಮೇಲಿನ ಕೊಂಬೆಯಿಂದ ಅವರ ಬೂಟಿನ ಬಳಿ ಏನೋ ಟಪ್ಪೆಂದು ಬಿತ್ತು.

ಬೊಮ್ಮು ಹೆಕ್ಕಿಕೊಂಡ. "ಧೂಪದ ಬೀಜ, ಅಕ್ಕೋರೆ. ನಮ್ ಗುಡ್ಡದಲ್ಲಿ ಧೂಪದ ಮರನೇ ಇಲ್ಲ."

ಪಾಟೀಲರು ಹೋಗಿ ಬೋರ್ಡನ್ನು ಬುಡಸಮೇತ ಕಿತ್ತು ತಂದರು. ಅದು ನಿಂತಿದ್ದ ಕುಳಿ ಬೀಜಕ್ಕೆ ಹೇಳಿ ಮಾಡಿಸಿದಂತಿತ್ತು.

"ಊರ್ರಿ ಬೊಮ್ಮಣ್ಣ," ಎಂದರು. "ಆಮ್ಯಾಲೆ ಗಂಜಿಗೆ ಕರೀರಿ. ಇವತ್ತು ಸ್ವಲ್ಪ ಜೋರಾಗೇ ಕರೀರಿ."